ಐದು ಬೆರಳು, ನಾಲ್ಕು ಮನೆ

ಚಳಿಗಾಲದ ಕೈಗವಸುಗಳನ್ನು ತಯಾರಿಸುವವರು ಯಾರೂ ಬೈಕು ಓಡಿಸುವುದಿಲ್ಲವೆಂಬುದು ನನಗೆ ಈಗ ಖಾತ್ರಿಯಾಗಿದೆ. ಒಂದು ವೇಳೆ ಓಡಿಸಿದರೂ, ಅವರು ಮನೆಯ ಮುಂದೆ ಬೈಕು ಹತ್ತಿ, ಹ್ಯಾಂಡಲ್ ಹಿಡಿದು, ನಡುವೆ ಎಲ್ಲಿಯೂ ಕೈ ತೆಗೆಯದೆ ನೇರವಾಗಿ ಸೇರಬೇಕಾದ ಜಾಗವನ್ನು ಸೇರುವ ಪುಣ್ಯವಂತರಿರಬೇಕು. ಕೈಗವಸಿನ ಜೊತೆ ಬರುವ ಚೀಟಿಯ ಮೇಲಿನ ಚಿತ್ರವನ್ನೇ ನೋಡಿ: ಹಿಮ ಕವಿದ ಬೆಟ್ಟದ ದಾರಿಯಲ್ಲಿ ಒಬ್ಬ ಸವಾರ ಎರಡೂ ಕೈಗಳನ್ನು ಹ್ಯಾಂಡಲ್ ಮೇಲಿಟ್ಟು ದಿಗಂತವನ್ನು ದಿಟ್ಟಿಸುತ್ತಿರುತ್ತಾನೆ. ಅವನ ಮೂಗು ಸೋರುವುದಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಳ್ಳುವುದಿಲ್ಲ, ಹೆಲ್ಮೆಟ್ಟಿನ ಗಾಜಿಗೆ ಉಸಿರಿನ ಆವಿ ಕಟ್ಟುವುದಿಲ್ಲ, ಪೆಟ್ರೋಲು ಮುಗಿಯುವುದಿಲ್ಲ. ನಮಗೆ ಇವೆಲ್ಲವೂ ಆಗುತ್ತವೆ, ಬಹುಮಟ್ಟಿಗೆ ಒಟ್ಟಿಗೇ ಆಗುತ್ತವೆ.

ಬೈಕಿನ ಮೇಲೆ ಕುಳಿತವನ ದೇಹದಲ್ಲಿ ನಿಜವಾಗಿ ದುಡಿಯುವುದು ಕೈಗಳೇ. ಕ್ಲಚ್ಚು, ಮುಂದಿನ ಬ್ರೇಕು, ಆಕ್ಸಿಲರೇಟರು, ಹಾರ್ನು, ಇಂಡಿಕೇಟರು, ಎದುರಿನವರ ಕಣ್ಣು ಕುಕ್ಕದಂತೆ ತಗ್ಗಿಸಬೇಕಾದ ದೀಪ, ಇಷ್ಟೂ ಅವುಗಳ ಪಾಲಿಗೆ ಬಂದಿವೆ. ತಲೆಗೆ ಹೆಲ್ಮೆಟ್ಟಿದೆ, ಎದೆಗೆ ಜಾಕೆಟ್ಟಿದೆ, ಮೊಣಕಾಲಿಗೆ ಟ್ಯಾಂಕಿನ ಮರೆಯಾದರೂ ಇದೆ. ಕೈಗಳನ್ನು ಮಾತ್ರ ಎಲ್ಲಕ್ಕಿಂತ ಮುಂದೆ ಚಾಚಿ, ಮುಷ್ಟಿ ಕಟ್ಟಿಸಿ, ಗಾಳಿಗೆ ಒಡ್ಡಲಾಗಿದೆ. ಇದರಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿಯೆಂದರೆ, ಆ ಗಾಳಿಯನ್ನು ದುಡ್ಡು ಕೊಟ್ಟು ಪೆಟ್ರೋಲು ಸುಟ್ಟು ನಾವೇ ಹುಟ್ಟಿಸಿಕೊಳ್ಳುತ್ತೇವೆಂಬುದು.

ಗಾಳಿ ಚಳಿಯನ್ನು ಎಷ್ಟು ಹೆಚ್ಚಿಸುತ್ತದೆಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ 1945ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕ ಮತ್ತು ಕೆನಡಾ 2001ರಲ್ಲಿ ಒಪ್ಪಿಕೊಂಡವು. ಅದರ ಪ್ರಕಾರ 10 ಡಿಗ್ರಿ ಸೆಲ್ಸಿಯಸ್ ಇರುವ ಬೆಳಿಗ್ಗೆ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯಲ್ಲಿ ಅನುಭವಕ್ಕೆ ಬರುವುದು ಸುಮಾರು 5 ಡಿಗ್ರಿಯ ಚಳಿ; 5 ಡಿಗ್ರಿ ಇದ್ದರೆ ಅದು ಸೊನ್ನೆಗಿಂತಲೂ 2 ಡಿಗ್ರಿ ಕೆಳಗಿಳಿಯುತ್ತದೆ. ಒಣಗಿದ ಬೆರಳು ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು, ಶಾಖ ಕಳೆದುಕೊಳ್ಳುವ ವೇಗ ಮಾತ್ರ ಹೆಚ್ಚುತ್ತದೆ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ಅವರು ಇದನ್ನು ಕೋಣೆಯೊಳಗೆ ಕುಳಿತು ಹೇಳುತ್ತಾರೆ. ಅಲ್ಲದೆ ಈ ಸೂತ್ರ ಲೆಕ್ಕಕ್ಕೆ ಹಿಡಿದಿರುವುದು ನಡೆದು ಹೋಗುವ ಮನುಷ್ಯನ ಮುಖವನ್ನು. ಹ್ಯಾಂಡಲ್ ಹಿಡಿದವನ ಬೆರಳುಗಳ ಗೊಡವೆಗೆ ಅದು ಹೋಗಿಲ್ಲ. ನಿಧಾನವಾಗಿ ಹೋದರೆ ಗಾಳಿ ಕಡಿಮೆಯಾದರೂ ದಾರಿಯ ಹೊತ್ತು ಹೆಚ್ಚುತ್ತದೆ, ವೇಗವಾಗಿ ಹೋದರೆ ಹೊತ್ತು ಕಡಿಮೆಯಾದರೂ ಗಾಳಿ ಕೊರೆಯುತ್ತದೆ. ಎಷ್ಟು ವೇಗದಲ್ಲಿ ಹೋದರೆ ಒಟ್ಟು ಸಂಕಟ ಕನಿಷ್ಠವಾಗುತ್ತದೆಂಬ ಲೆಕ್ಕವನ್ನು ಮಾತ್ರ ಯಾರೂ ನನಗೆ ಮಾಡಿ ಕೊಟ್ಟಿಲ್ಲ.

ಗಾಳಿಯದು ಒಂದು ತೂಕವಾದರೆ ನಮ್ಮ ದೇಹದ ದ್ರೋಹದ್ದು ಇನ್ನೊಂದು ತೂಕ. ಒಳಗಿನ ಉಷ್ಣತೆಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಿಕೊಳ್ಳಬೇಕೆಂಬ ಒಂದೇ ಹಟ ಅದಕ್ಕೆ. ಚಳಿ ತಟ್ಟಿದೊಡನೆ, ಖರ್ಚು ತಗ್ಗಿಸಬೇಕೆಂದಾಗ ದೂರದ ಶಾಖೆಗಳಿಗೆ ಮೊದಲು ಬೀಗ ಜಡಿಯುವ ಕೇಂದ್ರ ಕಚೇರಿಯಂತೆ, ಅದು ಬೆರಳುಗಳಿಗೆ ಹೋಗುವ ರಕ್ತನಾಳಗಳನ್ನು ಸಂಕುಚಿಸಿಬಿಡುತ್ತದೆ. ಬೆರಳುಗಳಾದರೂ ನಡುಗಿ ಶಾಖ ಹುಟ್ಟಿಸಿಕೊಳ್ಳೋಣವೆಂದರೆ, ಅವುಗಳನ್ನು ಮಡಚಿ ಬಿಡಿಸುವ ಸ್ನಾಯುಗಳಿರುವುದು ಮುಂಗೈ ಮತ್ತು ಅಂಗೈಯಲ್ಲಿ. ಬೆರಳೊಳಗಿರುವುದು ಬರೀ ಮೂಳೆ, ಚರ್ಮ, ಸೆಳೆದಾಡಿಸುವ ಸ್ನಾಯುರಜ್ಜು. ಥಾಮಸ್ ಲೂಯಿಸ್ ಎಂಬ ವೈದ್ಯ ವಿಜ್ಞಾನಿ 1930ರಲ್ಲಿ ಇನ್ನೊಂದು ವಿಚಿತ್ರವನ್ನು ವಿವರಿಸಿದ: ಬೆರಳು ತೀರಾ ತಣ್ಣಗಾಗಿ ಐದು ಹತ್ತು ನಿಮಿಷ ಕಳೆದ ಮೇಲೆ ಮುಚ್ಚಿದ್ದ ನಾಳಗಳು ತಾವಾಗಿಯೇ ತುಸು ತೆರೆದು ರಕ್ತವನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ದಾರಿಯ ನಡುವೆ ಒಮ್ಮೊಮ್ಮೆ ಬೆರಳು ಇದ್ದಕ್ಕಿದ್ದಂತೆ ಚುರುಗುಟ್ಟಿ, ಬದುಕಿದೆನೆಂಬ ಭರವಸೆ ಹುಟ್ಟಿಸಿ, ಮುಂದಿನ ತಿರುವಿನೊಳಗೆ ಮತ್ತೆ ಮರಗಟ್ಟುವುದು ಇದರಿಂದಲೇ ಇರಬೇಕೆಂದು ನಾನು ನಂಬಿದ್ದೇನೆ.

ಮರಗಟ್ಟಿದ ಬೆರಳಿನಿಂದ ಬೈಕು ಓಡಿಸುವುದು ಬೇರೆಯವರ ಕೈಯಿಂದ ಓಡಿಸಿದಂತೆಯೇ ಸರಿ. ಇಂಡಿಕೇಟರ್ ಹಾಕಲು ಹೋದರೆ ಹಾರ್ನು ಕೂಗುತ್ತದೆ. ಮುಂದಿನವನು ತಿರುಗಿ ನೋಡಿ ತನ್ನ ತಪ್ಪೇನೆಂದು ಕಣ್ಣಿನಲ್ಲೇ ಕೇಳುತ್ತಾನೆ. ಒಮ್ಮೆ ಬಿದ್ದ ಇಂಡಿಕೇಟರ್ ಆರಿತೋ ಇಲ್ಲವೋ ಬೆರಳಿಗೆ ತಿಳಿಯದೆ, ಎಡಕ್ಕೆ ತಿರುಗುವೆನೆಂದು ಲೋಕಕ್ಕೆ ಸಾರುತ್ತಾ ನೇರ ರಸ್ತೆಯಲ್ಲಿ ಮೈಲಿಗಟ್ಟಲೆ ಸಾಗುತ್ತೇವೆ. ಕ್ಲಚ್ಚು ಎಲ್ಲಿ ಹಿಡಿಯಿತೆಂಬುದು ಗೊತ್ತಾಗದೆ ಸಿಗ್ನಲ್ಲಿನಲ್ಲಿ ಇಂಜಿನ್ನು ಆಫ್ ಆಗುತ್ತದೆ. ಇವೆಲ್ಲ ನಗೆಯ ಮಾತಾದರೂ ಬ್ರೇಕಿನ ವಿಷಯಕ್ಕೆ ಬಂದಾಗ ನಗು ಬರುವುದಿಲ್ಲ. ಆ ಬ್ರೇಕಿನ ಲಿವರನ್ನಾದರೂ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನಲ್ಲಿಯೇ ಎರಕ ಹೊಯ್ದಿರುತ್ತಾರೆ. ಅದು ಮರಕ್ಕಿಂತ ನೂರಾರು ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುವ ಲೋಹ. ಮೇಲೆ ಸದಾ ಇಡಬೇಕಾದ ಎರಡು ಬೆರಳುಗಳಿಂದ ಉಳಿದಿದ್ದ ಬಿಸಿಯನ್ನೂ ಹೀರಿ ಗಾಳಿಗೆ ದಾನ ಮಾಡುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಅದಕ್ಕೆ ತೊಡಿಸಿದರೆ ಎಷ್ಟೋ ವಾಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ನಮ್ಮ ಮೂಗು ಸೋರುತ್ತಿರುವಾಗ ಬೈಕಿನ ಅಂದವನ್ನು ನೋಡುವವರು ಯಾರು?

ಉಪಾಯಗಳಿಗೇನೂ ಬರವಿಲ್ಲ. ದಪ್ಪ ಕೈಗವಸು ಹಾಕಿಕೊಳ್ಳಿ ಎನ್ನುತ್ತಾರೆ. ಹಾಕಿಕೊಂಡರೆ ಮುಷ್ಟಿ ಮುಚ್ಚುವುದಿಲ್ಲ. ಒಂದರ ಮೇಲೊಂದು ಹಾಕಿಕೊಳ್ಳಿ ಎನ್ನುತ್ತಾರೆ. ಬಿಗಿಯಾದರೆ ಬೆಚ್ಚಗಿಡಬೇಕಾದ ಗಾಳಿಯ ಪದರವೂ ಹಿಂಡಿಹೋಗಿ, ಬರುತ್ತಿದ್ದ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಒಳಗೆ ತೆಳು ರಬ್ಬರಿನ ಕೈಗವಸು ಹಾಕಿದರೆ ಗಾಳಿ ನಿಲ್ಲುವುದು ನಿಜ, ಆದರೆ ಬೆವರೂ ಒಳಗೇ ನಿಂತು ಕೈ ಬೇಯಿಸಿದಂತಾಗುತ್ತದೆ. ಹ್ಯಾಂಡಲ್ಲಿನ ಹಿಡಿಯನ್ನೇ ಬಿಸಿಮಾಡುವ ವಿದ್ಯುತ್ ಹಿಡಿಕೆಗಳು ಸುಖವೇ, ಆದರೆ ಅವು ಕಾಯಿಸುವುದು ಅಂಗೈಯನ್ನು. ಗಾಳಿ ಹೊಡೆಯುವುದು ಕೈಯ ಹಿಂಬದಿಗೆ. ಹೀಗಾಗಿ ಒಂದೇ ಕೈಯಲ್ಲಿ ಬೇಸಗೆಯನ್ನೂ ಚಳಿಗಾಲವನ್ನೂ ಹಿಡಿದುಕೊಂಡು ಹೋಗಬಹುದು. ಬ್ಯಾಟರಿಯ ಕೈಗವಸುಗಳು ಹೋಗುವಾಗ ಕೆಲಸ ಮಾಡಿ ಬರುವಾಗ ಕೈಕೊಡುತ್ತವೆ. ಕಬ್ಬಿಣದ ಪುಡಿ ತುಂಬಿದ ಪುಟ್ಟ ಪೊಟ್ಟಣಗಳೂ ಇವೆ. ಹೊರಗೆ ತೆಗೆದರೆ ಪುಡಿ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಗಾಳಿಯಾಡದ ಕೈಗವಸಿನೊಳಗೆ ತುರುಕಿದರೆ ಆಮ್ಲಜನಕವಿಲ್ಲದೆ ಅದು ದಾರಿಯುದ್ದಕ್ಕೂ ಸುಮ್ಮನಿದ್ದು, ಕಚೇರಿ ತಲುಪಿ ತೆಗೆದು ಮೇಜಿನ ಮೇಲಿಟ್ಟ ಮೇಲೆ ನಿಗಿನಿಗಿ ಕಾಯತೊಡಗುತ್ತದೆ. ಕೆಲಸದ ಕಡತಗಳು ಅಷ್ಟು ಬೆಚ್ಚಗಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವುದು ಹ್ಯಾಂಡಲ್ಲಿನ ಎರಡೂ ತುದಿಗೆ ಕಟ್ಟುವ ದೊಡ್ಡ ಚೀಲಗಳು. ಅವುಗಳೊಳಗೆ ಕೈ ತೂರಿಸಿದರೆ ಗಾಳಿಯೇ ತಾಕುವುದಿಲ್ಲ, ಒಳಗೆ ತೆಳು ಕೈಗವಸೇ ಸಾಕು. ಸಿಗ್ನಲ್ಲಿನಲ್ಲಿ ಪಕ್ಕದವರು ಮುಸಿಮುಸಿ ನಗುತ್ತಾರೆ, ಅವರ ಕೈಬೆರಳುಗಳ ಬಣ್ಣ ನೋಡಿ ನಾವೂ ನಗಬಹುದು. ತೊಂದರೆ ಇರುವುದು ಕೈ ಹೊರಗೆ ತೆಗೆದ ಮೇಲೆ. ಹೆಲ್ಮೆಟ್ಟಿನ ಗಾಜು ಒರೆಸಿ ಮರಳಿ ಒಳಗೆ ತೂರಿಸಲು ಹೋದರೆ ಚೀಲದ ಬಾಯಿ ಗಾಳಿಗೆ ಮುದುಡಿ ಮುಚ್ಚಿಕೊಂಡಿರುತ್ತದೆ, ಬ್ರೇಕು ಅದರೊಳಗಿರುತ್ತದೆ, ನಾವು ಹೊರಗಿರುತ್ತೇವೆ.

ನಾನು ಮೊದಲೇ ಹೇಳಿದ ಮಾತು ಇದೇ. ಈ ಸಾಧನಗಳೆಲ್ಲ ಕೈಯನ್ನು ಬೆಚ್ಚಗಿಡುತ್ತವೆ, ಆದರೆ ಆ ಕೈಯಿಂದ ಏನನ್ನೂ ಮಾಡಕೂಡದು. ಈ ವಾರ ಪೆಟ್ರೋಲ್ ಬಂಕಿನಲ್ಲಿ ನಡೆದದ್ದನ್ನು ಹೇಳದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಬೆಳಗಿನ ಹೊತ್ತು, ಇಬ್ಬನಿಯಲ್ಲಿ ಬಂದಿದ್ದರಿಂದ ಕೈಗವಸು ಹೊರಗೆ ಒದ್ದೆ, ಒಳಗೆ ಬೆವರಿನ ತೇವ. ಪೆಟ್ರೋಲು ಹಾಕಿಸಿ ಫೋನಿನಲ್ಲಿ ದುಡ್ಡು ಕೊಡಬೇಕೆಂದು ಬಲಗೈಯ ಕೈಗವಸನ್ನು ಎಳೆದೆ. ನೀರು ಒಳಗಿಳಿಯದಂತೆ ತಡೆಯುವ ಕೈಗವಸುಗಳಲ್ಲಿ ಹೊರಗಿನ ಬಟ್ಟೆ ಬೇರೆ, ನಡುವಿನ ಪೊರೆ ಬೇರೆ, ಒಳಗಿನ ಮೆತ್ತನೆಯ ಅಸ್ತರಿ ಬೇರೆ. ಇವುಗಳನ್ನು ಬೆರಳ ತುದಿಯಲ್ಲಿ ಒಂದಿಷ್ಟು ಅಂಟಿಸಿರುತ್ತಾರೆ ಅಥವಾ ಅಂಟಿಸಿದ್ದೇವೆಂದು ಹೇಳಿಕೊಂಡಿರುತ್ತಾರೆ. ನನ್ನ ಕೈಯೊಡನೆ ಅಸ್ತರಿಯೂ ಎದ್ದು ಬಂತು. ಮೊದಲು ಕಿರುಬೆರಳಿನದು, ಆಮೇಲೆ ಉಂಗುರದ ಬೆರಳಿನದು, ನೋಡನೋಡುತ್ತಿದ್ದಂತೆ ನಾಲ್ಕೂ ಬೆರಳುಗಳ ಅಸ್ತರಿ ಒಳಮೈ ಹೊರಗಾಗಿ ನನ್ನ ಕೈಯಲ್ಲಿ ಜೋತುಬಿತ್ತು. ದುಡ್ಡು ಕೊಡೋಣವೆಂದರೆ ತಣ್ಣಗಾಗಿ ಸುಕ್ಕುಗಟ್ಟಿದ ನನ್ನ ಹೆಬ್ಬೆರಳನ್ನು ಫೋನು ಗುರುತಿಸಲಿಲ್ಲ. ಎಷ್ಟೋ ವರ್ಷಗಳಿಂದ ನನ್ನದೆಂದು ನಾನು ನಂಬಿದ್ದ ಹೆಬ್ಬೆರಳದು. ಕೊನೆಗೆ ಪಾಸ್‌ವರ್ಡು ಒತ್ತಿ ಋಣ ತೀರಿಸಿದೆ.

ಮತ್ತೆ ಕೈಗವಸು ತೊಡಬೇಕಲ್ಲ. ಕೈ ತೂರಿಸಿದರೆ ಬೆರಳುಗಳಿದ್ದ ಜಾಗದಲ್ಲಿ ಬಟ್ಟೆಯ ಮುದ್ದೆ. ತೋರುಬೆರಳು ಒಳಗೆ ಹೋಯಿತು, ನಡುಬೆರಳು ಹೋಯಿತು, ಉಂಗುರದ ಬೆರಳಿನ ಮನೆಗೆ ಬಾಗಿಲೇ ಇಲ್ಲ. ಊದಿದರೆ ಉಬ್ಬಿ ತೆರೆದುಕೊಳ್ಳುತ್ತದೆಂದು ಎಲ್ಲೋ ಕೇಳಿದ್ದರಿಂದ ಹೆಲ್ಮೆಟ್ಟು ತೆಗೆದು, ಒದ್ದೆ ಕೈಗವಸಿಗೆ ಬಾಯಿಟ್ಟು ಊದಿದೆ. ಅದರ ರುಚಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಪಂಪಿನ ಹುಡುಗ ತನ್ನ ಕೆಲಸ ಬಿಟ್ಟು ನೋಡುತ್ತಾ ನಿಂತ. ಅವನು ಒಳ್ಳೆಯವನೇ; ಜೇಬಿನಿಂದ ಪೆನ್ನು ತೆಗೆದು ಕೊಟ್ಟು, "ಇದರಲ್ಲಿ ತಿವಿದು ನೋಡಿ ಸರ್" ಎಂದ. ತಿವಿದೆ. ಉಂಗುರದ ಬೆರಳಿನ ಅಸ್ತರಿ ಒಳಗೆ ಹೋಯಿತು, ಅದರ ಜೊತೆ ಪೆನ್ನಿನ ಮುಚ್ಚಳವೂ ಹೋಯಿತು. ಹಿಂದೆ ನಿಂತಿದ್ದ ಕಾರಿನವನು ಹಾರ್ನು ಹೊಡೆದ. ಅವನ ಕಾರಿನ ಗಾಜುಗಳೆಲ್ಲ ಮುಚ್ಚಿದ್ದವು, ಅವನು ಅರ್ಧ ತೋಳಿನ ಅಂಗಿ ತೊಟ್ಟಿದ್ದ. ಇವೆರಡನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹುಡುಗ ತನ್ನ ಮುಚ್ಚಳಕ್ಕಾಗಿ ಕೈಗವಸನ್ನು ನನ್ನಿಂದ ತೆಗೆದುಕೊಂಡು, ಬೆರಳು ಹಿಡಿದು ಜಾಡಿಸಿ, ಒಳಗೆ ಕಣ್ಣಿಟ್ಟು ನೋಡಿ, ಮುಚ್ಚಳವನ್ನು ಹೊರತೆಗೆಯುವಷ್ಟರಲ್ಲಿ ಒಳಗೆ ಸೇರಿದ್ದ ಅಸ್ತರಿಯೂ ಹೊರಬಂತು. "ಸ್ವಲ್ಪ ಮುಂದಕ್ಕೆ ತಳ್ಳಿಕೊಳ್ಳಿ ಸರ್" ಎಂದು ಗೌರವದಿಂದಲೇ ಹೇಳಿದ.

ಕೊನೆಗೆ ನಡುಬೆರಳನ್ನೂ ಉಂಗುರದ ಬೆರಳನ್ನೂ ಒಂದೇ ಮನೆಯೊಳಗೆ ತುರುಕಿ ಹೊರಟೆ. ಬಾಡಿಗೆಗೆ ಯಾರೂ ಇಲ್ಲದ ಇನ್ನೊಂದು ಮನೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಾ, ಎದುರು ಬಂದವರನ್ನೆಲ್ಲ ಕರೆಯುತ್ತಿತ್ತು. ಕಚೇರಿ ತಲುಪುವ ಹೊತ್ತಿಗೆ ಮೈಯಲ್ಲಿ ಬೆಚ್ಚಗಿದ್ದ ಬೆರಳುಗಳೆಂದರೆ ಅವೆರಡೇ. ಒಂದಕ್ಕೊಂದು ತಾಗಿಕೊಂಡ ಬೆರಳುಗಳು ಶಾಖ ಉಳಿಸಿಕೊಳ್ಳುತ್ತವೆಂಬುದನ್ನು ಅರಿತು, ಏಡಿಯ ಕೊಂಬಿನ ಆಕಾರದಲ್ಲಿ ಎರಡೆರಡು ಬೆರಳಿಗೆ ಒಂದೊಂದೇ ಮನೆಯಿರುವ ಕೈಗವಸುಗಳನ್ನು ಹೊಲಿದು ಮಾರುವವರೂ ಇದ್ದಾರಂತೆ. ನಾನು ಅದನ್ನು ಪುಕ್ಕಟೆಯಾಗಿ ಪಡೆದೆ, ಒಂದು ಕೈಗೆ ಮಾತ್ರ.

ಕೈಗೆ ಚಳಿಯಾದರೆ ಎದೆಯನ್ನೂ ಕುತ್ತಿಗೆಯನ್ನೂ ಮುಚ್ಚಬೇಕೆಂದು ಬಲ್ಲವರು ಹೇಳುತ್ತಾರೆ, ಅದು ಸತ್ಯ. ಒಳಗೆ ಶಾಖ ಹೆಚ್ಚಿದ್ದರೆ ದೇಹ ತನ್ನ ಜಿಪುಣತನವನ್ನು ಬಿಟ್ಟು ಬೆರಳಿಗೂ ರಕ್ತ ಹರಿಸುತ್ತದೆ. ಹಾಗಾಗಿ ಈಗ ಕುತ್ತಿಗೆಗೆ ಮಫ್ಲರು, ತೋಳಿನ ತುದಿಯನ್ನು ಕೈಗವಸಿನ ಒಳಗೆ ಸೇರಿಸಿ ಮೇಲೊಂದು ರಬ್ಬರ್ ಬ್ಯಾಂಡು, ಜಾಕೆಟ್ಟಿನೊಳಗೆ ಸ್ವೆಟರು. ಇಷ್ಟು ಮಾಡಿ ಉಳಿಸಿದ ಶಾಖ ಎಲ್ಲಿಗೆ ಹೋಗುತ್ತದೆಂದರೆ, ಹಿಂದೆ ಕುಳಿತ ನನ್ನ ಹೆಂಡತಿಯ ಕೈಗಳಿಗೆ. ಬೈಕು ಹೊರಟೊಡನೆ ಅವಳ ಎರಡೂ ಕೈಗಳು ನನ್ನ ಜಾಕೆಟ್ಟಿನ ಜೇಬುಗಳಲ್ಲಿ ಇಳಿದು ಹೊಟ್ಟೆಯ ಬಿಸಿ ಕಾಯಿಸಿಕೊಳ್ಳುತ್ತವೆ, ಅವಳ ಮುಖ ನನ್ನ ಬೆನ್ನಿನ ಮರೆಯಲ್ಲಿರುತ್ತದೆ, ಗಾಳಿ ಅವಳಿಗೆ ಕೇಳಿಸುತ್ತದೆಯೇ ಹೊರತು ತಾಕುವುದಿಲ್ಲ. ಅಲ್ಲಿಂದಲೇ, "ಸ್ವಲ್ಪ ಜೋರಾಗಿ ಓಡಿಸಬಾರದೇನ್ರೀ, ಬೇಗ ಮನೆ ಸೇರಬಹುದು" ಎನ್ನುತ್ತಾಳೆ.

ಬೇಸರಪಡುವ ಹಕ್ಕು ನನಗಿಲ್ಲ. ಚಿಕ್ಕವನಿದ್ದಾಗ ನಾನೂ ಅಪ್ಪನ ಹಿಂದೆ ಹೀಗೆಯೇ ಕುಳಿತು, ಅವರ ಕೋಟಿನ ಜೇಬಿನಲ್ಲಿ ಕೈಯಿಟ್ಟು, ಜೇಬಿನ ಮೂಲೆಯಲ್ಲಿದ್ದ ದಾರದ ಎಳೆಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗುತ್ತಿದ್ದೆ. ಅಪ್ಪನಿಗೆ ಕೈಗವಸು ಇರಲಿಲ್ಲ. ಬೈಕು ನಿಲ್ಲಿಸಿ ಕಂಕುಳಿಗೆ ಕೈಕೊಟ್ಟು ನನ್ನನ್ನು ಇಳಿಸುವಾಗ ಅಂಗಿಯ ಮೇಲಿಂದಲೇ ಅವರ ಕೈ ಕೊರೆಯುತ್ತಿತ್ತು, ನಾನು ಕಿರುಚಿ ನಗುತ್ತಿದ್ದೆ. ಅವರು ನನ್ನನ್ನು ನಗಿಸಲೆಂದೇ ಹಾಗೆ ಮಾಡುತ್ತಾರೆಂದು ತಿಳಿದಿದ್ದೆ. ಮತ್ತೆ ಹ್ಯಾಂಡಲ್ ಹಿಡಿಯುವ ಮುನ್ನ ಅವರು ಬಗ್ಗಿ ಎರಡೂ ಅಂಗೈಗಳನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಿದ್ದುದನ್ನು ಏನೋ ರಿಪೇರಿ ಎಂದುಕೊಂಡಿದ್ದೆ.

ಆ ರಿಪೇರಿಯನ್ನು ಈಗ ನಾನೂ ಮಾಡುತ್ತೇನೆ. ಸಿಗ್ನಲ್ ಕೆಂಪಾದರೆ ನ್ಯೂಟ್ರಲ್ಲಿಗೆ ಹಾಕಿ ಎಡಗೈಯನ್ನು ಇಂಜಿನ್ನಿನ ಬಳಿ ಇಳಿಸುತ್ತೇನೆ. ಬಲಗೈ ಬ್ರೇಕು ಹಿಡಿದಿರಬೇಕಾದ್ದರಿಂದ ಅದಕ್ಕೆ ಆ ಭಾಗ್ಯವಿಲ್ಲ. ಬಿಸಿ ಬೆರಳಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಹಸಿರು ದೀಪ ಬೀಳುತ್ತದೆ. ತೀರಾ ಹತ್ತಿರ ಹಿಡಿದರೆ ಸೈಲೆನ್ಸರಿನ ಕೊಳವೆಗೆ ತಾಗಿ ಕೈಗವಸಿನ ತುದಿ ಕರಗುತ್ತದೆ, ಅದರ ವಾಸನೆ ಮುಂದಿನ ಸಿಗ್ನಲ್ಲಿನವರೆಗೂ ನಮ್ಮೊಡನೆ ಬರುತ್ತದೆ.

ಮನೆ ಸೇರಿದ ಮೇಲೆ ಇನ್ನೊಂದು ಅಧ್ಯಾಯವಿದೆ. ಮರಗಟ್ಟಿದ ಬೆರಳಿಗೆ ರಕ್ತ ಮರಳುವಾಗ ಉಗುರಿನಡಿ ಸೂಜಿ ಆಡಿಸಿದಂತೆ ನೋಯುತ್ತದೆ. ಬಿಸಿನೀರಿಗೆ ಅದ್ದೋಣವೆಂದರೆ ಸ್ಪರ್ಶ ಸತ್ತ ಬೆರಳಿಗೆ ನೀರು ಎಷ್ಟು ಸುಡುತ್ತಿದೆಯೆಂಬುದು ತಿಳಿಯುವುದಿಲ್ಲ, ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲೇ ತೃಪ್ತಿಪಡಬೇಕು. ಅದಕ್ಕೂ ಮೊದಲು ಬಾಗಿಲು ತೆರೆಯಬೇಕು. ನಿನ್ನೆ ಸಂಜೆ ನನ್ನ ಬೆರಳುಗಳು ಬೀಗದ ಕೈಯನ್ನು ಹಿಡಿಯಲಾರದೆ ಎರಡು ಸಲ ಕೆಳಗೆ ಬೀಳಿಸಿದಾಗ ಹೆಂಡತಿ ಅದನ್ನು ಎತ್ತಿಕೊಂಡು, ಒಂದೇ ಸಲಕ್ಕೆ ಬೀಗ ತೆಗೆದು, ನನ್ನತ್ತ ತಿರುಗಿ, "ಇವತ್ತು ಅಷ್ಟೇನೂ ಚಳಿ ಇರಲಿಲ್ಲ, ಅಲ್ವೇನ್ರೀ?" ಎಂದಳು.