ಮರದ ಉಳಿಕೆಯಿಂದ ಇಂಧನ: ಫಿನ್ಲೆಂಡಿನ ರೀತಿ ಮತ್ತು ನಮ್ಮ ಬೆಟ್ಟ

ಫಿನ್ಲೆಂಡಿನ ನೆಲದಲ್ಲಿ ಸುಮಾರು ಮುಕ್ಕಾಲು ಭಾಗ ಕಾಡು. ನಾನು ಹುಟ್ಟಿ ಬೆಳೆದ ಉತ್ತರ ಕನ್ನಡದಲ್ಲಿಯೂ ದಾಖಲೆಯ ಪ್ರಕಾರ ಅರಣ್ಯಭೂಮಿಯ ಪಾಲು ಅದಕ್ಕಿಂತ ಕಡಿಮೆಯಿಲ್ಲ. ಈ ಹೋಲಿಕೆಯನ್ನು ಹಿಡಿದು, ಶಿರಸಿಗೆ ಬಂದಾಗಲೆಲ್ಲ ಪರಿಚಿತರು ಕೇಳುತ್ತಾರೆ: ಅಲ್ಲಿ ಮರದ ಉಳಿಕೆಯಿಂದ ಡೀಸೆಲ್ ತೆಗೆಯುತ್ತಾರಂತೆ, ನಮ್ಮ ಬೆಟ್ಟದಲ್ಲಿ ಬಿದ್ದು ಕೊಳೆಯುವ ಸೊಪ್ಪು ಕಡ್ಡಿಯಿಂದ ಯಾಕೆ ಆಗಬಾರದು? ಎರಡೂ ಕಡೆಯ ಕಾಡಿನಲ್ಲಿ ಓಡಾಡಿದ ನನಗೆ ಅನ್ನಿಸುವುದು ಇಷ್ಟು: ಕಾರ್ಖಾನೆ, ಸಾಮಿಲ್ಲು, ಅಂಗಳಗಳಿಗೆ ಈಗಾಗಲೇ ಬಂದು ಸೇರಿರುವ ಉಳಿಕೆಯನ್ನು ನಾವು ಆದಷ್ಟು ಬೇಗ ಬಳಸಬೇಕು; ಬೆಟ್ಟದ ನೆಲದ ಮೇಲಿರುವುದಕ್ಕೆ ಕೈ ಹಾಕಬಾರದು.

ಫಿನ್ಲೆಂಡಿನ ಅತಿ ಹೆಸರಾದ ಉದಾಹರಣೆಯೂ ಈ ಮಾತನ್ನೇ ಹೇಳುತ್ತದೆ. ಲಪ್ಪೇನ್ರಾಂತಾ ಪಟ್ಟಣದಲ್ಲಿ ಯುಪಿಎಂ ಕಂಪನಿ 2015ರಲ್ಲಿ ಆರಂಭಿಸಿದ ಘಟಕವು ಕಾಡಿನಿಂದ ಕಡ್ಡಿ ಆಯ್ದು ತರುವುದಿಲ್ಲ. ಕಾಗದಕ್ಕಾಗಿ ಪೈನ್ ಮರದ ಚಕ್ಕೆಯನ್ನು ಕ್ಷಾರದಲ್ಲಿ ಬೇಯಿಸಿದಾಗ ಮರದ ರಾಳ ಮತ್ತು ಕೊಬ್ಬಿನ ಅಂಶಗಳು ಸೋಪಿನಂತೆ ಕಪ್ಪು ದ್ರಾವಣದ ಮೇಲೆ ತೇಲುತ್ತವೆ. ಅದನ್ನು ಕೆನೆಯಂತೆ ತೆಗೆದು ಆಮ್ಲ ಬೆರೆಸಿದರೆ ಟಾಲ್ ಆಯಿಲ್ ಎಂಬ ಎಣ್ಣೆ ಸಿಗುತ್ತದೆ. ಅದಕ್ಕೆ ಹೈಡ್ರೋಜನ್ ಹಾಯಿಸಿ ಡೀಸೆಲ್ ಮತ್ತು ನಾಫ್ತಾ ಮಾಡುತ್ತಾರೆ. ನಾಫ್ತಾ ಪ್ಲಾಸ್ಟಿಕ್ ತಯಾರಿಕೆಗೂ ಹೋಗುತ್ತದೆ. ಆರಂಭದ ಸಾಮರ್ಥ್ಯ ವರ್ಷಕ್ಕೆ ಒಂದು ಲಕ್ಷ ಟನ್. ಇದನ್ನು ಹಾಗೆಯೇ ದಾಂಡೇಲಿಯ ಕಾಗದ ಕಾರ್ಖಾನೆಗೆ ತರಲಾಗದು. ನಮ್ಮ ಕಡೆ ಬೇಯಿಸುವುದು ನೀಲಗಿರಿ, ಸುಬಾಬುಲ್, ಗಾಳಿಮರದಂಥ ಜಾತಿಗಳನ್ನು. ಅವುಗಳಲ್ಲಿ ಪೈನ್ ಮರದಷ್ಟು ರಾಳವಿಲ್ಲ.

ನೆಲದ ಮೇಲಿನ ಉಳಿಕೆಯನ್ನೂ ಫಿನ್ಲೆಂಡಿನಲ್ಲಿ ಒಯ್ಯುತ್ತಾರೆ, ನಿಜ. ಮರ ಕಡಿದ ಮೇಲೆ ತುದಿ ಮತ್ತು ರೆಂಬೆಗಳನ್ನು ಅಲ್ಲಲ್ಲೇ ಗುಡ್ಡೆ ಹಾಕಿ ಬೇಸಿಗೆಯಿಡೀ ಬಿಡುತ್ತಾರೆ. ತೇವ ಇಳಿಯುತ್ತದೆ, ಸೂಜಿಯೆಲೆಗಳಲ್ಲಿ ಸಾಕಷ್ಟು ನೆಲಕ್ಕೇ ಉದುರುತ್ತವೆ. ಆಮೇಲೆ ರಸ್ತೆಯಂಚಿಗೆ ಸಾಗಿಸಿ ಎತ್ತರಕ್ಕೆ ಒಟ್ಟಿ, ಮಳೆ ಹಿಮ ಇಳಿಯದಂತೆ ಮೇಲೊಂದು ದಪ್ಪ ಕಾಗದದ ಹೊದಿಕೆ ಹಾಕುತ್ತಾರೆ. ಚಳಿಗಾಲದಲ್ಲಿ ಯಂತ್ರ ಬಂದು ಆ ಕಾಗದದ ಸಮೇತ ಎಲ್ಲವನ್ನೂ ಚೂರು ಮಾಡಿ ಲಾರಿಗೆ ತುಂಬುತ್ತದೆ. ಸುಮಾರು ಮೂರನೆಯ ಒಂದು ಪಾಲನ್ನು ನೆಲದಲ್ಲೇ ಬಿಡಬೇಕೆಂಬ ಮಾರ್ಗಸೂಚಿಯಿದೆ. ಹೀಗೆ ತಂದದ್ದರಲ್ಲಿ ಬಹುಪಾಲು ಊರು ಬೆಚ್ಚಗಿಡುವ ಬಾಯ್ಲರುಗಳಲ್ಲಿ ಉರಿಯುತ್ತದೆ. ಗಾಳಿಯಿಲ್ಲದೆ 500 ಡಿಗ್ರಿಯ ಆಸುಪಾಸಿಗೆ ಕ್ಷಣಮಾತ್ರದಲ್ಲಿ ಕಾಯಿಸಿ ಎಣ್ಣೆ ಇಳಿಸುವ ಘಟಕ ಯೊಯೆನ್ಸುವಿನಲ್ಲಿ 2013ರಲ್ಲಿ ಆರಂಭವಾಯಿತು. ಆ ಎಣ್ಣೆ ಹುಳಿ, ನೀರು ಹೆಚ್ಚು, ಶಾಖ ಪೆಟ್ರೋಲಿಯಂ ಎಣ್ಣೆಯ ಅರ್ಧಕ್ಕಿಂತ ಕಡಿಮೆ. ಬಾಯ್ಲರಿಗೆ ಆದೀತು, ಕಾರವಾರದ ಮೀನುಗಾರರ ದೋಣಿಯ ಎಂಜಿನ್ನಿಗೆ ಆಗದು.

ಇಷ್ಟೆಲ್ಲ ಅಲ್ಲಿ ಸಾಧ್ಯವಾಗುವುದಕ್ಕೆ ಕಾರಣ ಯಂತ್ರಗಳಷ್ಟೇ ಅಲ್ಲ. ಅಲ್ಲಿನ ಕಾಡಿನ ಅರ್ಧಕ್ಕೂ ಹೆಚ್ಚು ಭಾಗ ಸಾಮಾನ್ಯ ಕುಟುಂಬಗಳ ಸ್ವಂತ ಆಸ್ತಿ. ರೆಂಬೆ ಒಯ್ಯಬೇಕೇ ಬೇಡವೇ ಎಂಬುದು ಒಡೆಯರೊಡನೆ ಆಗುವ ಒಪ್ಪಂದದ ಮಾತು, ಮತ್ತು ಆ ರೆಂಬೆಯನ್ನು ನೆಚ್ಚಿಕೊಂಡ ಬೇರೊಂದು ಮನೆ ಪಕ್ಕದಲ್ಲಿ ಇರುವುದಿಲ್ಲ.

ನಮ್ಮಲ್ಲಿ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ಸೌದೆ ತರುವ ಕಾಡಿನ, ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ಕಾಲಿನಿಂದ ತುಳಿದು ತುಂಬಿ, ಕೊಟ್ಟಿಗೆಗೆ ತಂದು ಹಾಸುತ್ತಾರೆ. ದನದ ಕಾಲಡಿ ಸಗಣಿ ಗಂಜಲದೊಡನೆ ಬೆರೆತು ಅದು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಒಣಗಿದ ರೆಂಬೆ ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಹಂಡೆಯ ಕೆಳಗೆ. ಇದರಲ್ಲಿ ಬಿಸಾಡುವಂಥದ್ದು ಯಾವುದು? ಮಣ್ಣಿನ ವಿಚಾರವೂ ಬೇರೆ. ಫಿನ್ಲೆಂಡಿನ ಚಳಿಯಲ್ಲಿ ಬಿದ್ದ ರೆಂಬೆ ಕರಗಲು ದಶಕಗಳು ಹಿಡಿಯುತ್ತವೆ. ನಮ್ಮ ಮಳೆಗೆ, ಒರಲೆಗೆ ಕೆಲವು ಮಳೆಗಾಲ ಸಾಕು. ಸುಡದೆ ಬಿಟ್ಟರೂ ಅದರ ಇಂಗಾಲ ಬೇಗನೇ ಗಾಳಿ ಸೇರುತ್ತದೆ; ಆದ್ದರಿಂದ ಸುಡುವುದರಿಂದ ಅವಧಿಗೆ ಮೊದಲೇ ಸೇರುವ ಇಂಗಾಲದ ಲೆಕ್ಕ ನಮ್ಮಲ್ಲಿ ಹಗುರ. ಆದರೆ ಜಂಬಿಟ್ಟಿಗೆಯ ನೆಲ ತಾನೇ ಬಡವಾಗಿರುವುದರಿಂದ, ಕಾಡಿನ ಸಾರವೆಲ್ಲ ಬೀಳುವ ಎಲೆ ಮತ್ತು ಕಡ್ಡಿಯಲ್ಲೇ ಸುತ್ತುತ್ತಿರುವುದರಿಂದ, ಅದನ್ನು ಹೊರಗೆ ಸಾಗಿಸುವ ನಷ್ಟ ನಮಗೆ ಹೆಚ್ಚು.

ಜಿಲ್ಲೆ ಈ ಬಗೆಯ ಪಾಠವನ್ನು ಒಮ್ಮೆ ಕಲಿತಿದೆ. ದಾಂಡೇಲಿಯ ಕಾರ್ಖಾನೆಗೆ ಆರಂಭದ ವರ್ಷಗಳಲ್ಲಿ ಸರ್ಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ. ಬುಟ್ಟಿ ಹೆಣೆಯುವವರು ಸಂತೆಯಲ್ಲಿ ಅದರ ಎಷ್ಟೋ ಪಟ್ಟು ತೆರುತ್ತಿದ್ದರು. ಬಿದಿರು ಯಾಕೆ ಕ್ಷೀಣಿಸಿತು ಎಂದು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನ ಮಾಡಿದಾಗ ಒಂದು ಸಂಗತಿ ಹೊರಬಿತ್ತು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳು ಬೆಳವಣಿಗೆಗೆ ಅಡ್ಡಿಯೆಂದು ಅದನ್ನು ಸವರಿಸಲಾಗುತ್ತಿತ್ತು. ಆದರೆ ದನ ಮತ್ತು ಕಾಡುಪ್ರಾಣಿಗಳ ಬಾಯಿಂದ ಕಳಲೆಯನ್ನು ಕಾಯುತ್ತಿದ್ದದ್ದು ಆ ಮುಳ್ಳೇ. ಹಳ್ಳಿಯವರಿಗೆ ಇದು ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಉಪಗ್ರಹದ ಚಿತ್ರ ನೋಡಿ ಪಶ್ಚಿಮ ಘಟ್ಟದಲ್ಲಿ ಇಷ್ಟು ಟನ್ ಜೈವಿಕ ಉಳಿಕೆ ಲಭ್ಯವೆಂದು ಯಾರಾದರೂ ಲೆಕ್ಕ ಕೊಟ್ಟರೆ ನನಗೆ ಮೊದಲು ನೆನಪಾಗುವುದು ಈ ಮುಳ್ಳು. 1990ರ ದಶಕದಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿಗೆ ಬೆಲೆ ಏರಿದಾಗ ಬಲಿಯದ ಕಾಯಿ ಕಿತ್ತು ಟೊಂಗೆ ಮುರಿದದ್ದನ್ನೂ ಘಟ್ಟದವರು ಮರೆತಿಲ್ಲ.

ಹಾಗೆಂದು ನಾನು ಈ ತಂತ್ರಜ್ಞಾನದ ವಿರೋಧಿಯಲ್ಲ. ಅಸ್ಸಾಮಿನ ನುಮಲಿಗಢದಲ್ಲಿ ಫಿನ್ಲೆಂಡಿನ ಕೆಂಪೊಲಿಸ್ ಕಂಪನಿಯ ತಂತ್ರಜ್ಞಾನದಿಂದ ಬಿದಿರಿನ ಎಥೆನಾಲ್ ಘಟಕ ಕಟ್ಟಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದ್ದಾರೆ. ಅದು ಎಥೆನಾಲಿನ ಜೊತೆಗೆ ಫರ್ಫ್ಯುರಾಲ್ ಎಂಬ ಕೈಗಾರಿಕಾ ರಾಸಾಯನಿಕ ಮತ್ತು ಅಸೆಟಿಕ್ ಆಮ್ಲವನ್ನೂ ಮಾರುವ ಯೋಜನೆ, ಏಕೆಂದರೆ ಇಂಧನವೊಂದರಿಂದಲೇ ಇಂಥ ಘಟಕದ ಖರ್ಚು ಹುಟ್ಟುವುದು ಕಷ್ಟ. ಉತ್ತರ ಕನ್ನಡ ಗಮನಿಸಬೇಕಾದ ಅಂಶ ಇದು. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಹಗುರವಾದ, ಜಾಗ ತಿನ್ನುವ ಉಳಿಕೆಯನ್ನು ಲಾರಿಯಲ್ಲಿ ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಹಾಗಾಗಿ ಕಡಿಮೆ ತೂಕದಲ್ಲಿ ಹೆಚ್ಚು ಬೆಲೆ ಬರುವ ರಾಸಾಯನಿಕಗಳೇ ನಮಗೆ ಮೊದಲ ದಾರಿ. ಗೇರು ಸಿಪ್ಪೆ ಇದಕ್ಕೆ ಸಿದ್ಧ ಉದಾಹರಣೆ. ಅದರಿಂದ ತೆಗೆಯುವ ಎಣ್ಣೆಯನ್ನು ಕರಾವಳಿಯವರು ಮರದ ದೋಣಿ ಹಾಳಾಗದಿರಲೆಂದು ಬಳಿಯುತ್ತಿದ್ದರು. ಇಂದು ಅದೇ ಫಿನಾಲಿನಂಥ ದ್ರವ್ಯ ಬ್ರೇಕ್ ಲೈನಿಂಗಿಗೆ, ಬಣ್ಣಕ್ಕೆ, ಅಂಟಿಗೆ ಹೋಗುತ್ತದೆ. ಸುಲಿಯುವ ಹಂಗಾಮಿನಲ್ಲಿ ರಸ್ತೆಯಂಚಿಗೆ ರಾಶಿ ಬೀಳುವ ಅಡಿಕೆ ಸಿಪ್ಪೆಯಲ್ಲಿ ಹೆಮಿಸೆಲ್ಯುಲೋಸ್ ಎಂಬ ನಾರಿನ ಅಂಶ ಹೇರಳವಾಗಿದ್ದು, ಫರ್ಫ್ಯುರಾಲ್ ಹುಟ್ಟುವುದು ಅದರಿಂದಲೇ. ಸಾಮಿಲ್ಲಿನ ಹೊಟ್ಟು, ಕಾಗದ ಕಾರ್ಖಾನೆಯ ತೊಗಟೆ ಕೂಡ ಈಗಾಗಲೇ ಒಂದೆಡೆ ಸೇರಿರುವಂಥವು.

ಉಳಿದದ್ದು ನೆಡುತೋಪುಗಳ ಪ್ರಶ್ನೆ. ಕಾರವಾರದ ಸಮುದ್ರದಂಡೆಯಲ್ಲಿ 1868ರ ಸುಮಾರಿಗೇ ಗಾಳಿಮರ ನೆಟ್ಟಿದ್ದರು. 1980ರ ದಶಕದಿಂದ ಅಕೇಶಿಯಾ ಬಂತು. ಅಕೇಶಿಯಾದ ಕಡಿತದಲ್ಲಿ ಬೀಳುವ ತುದಿ ರೆಂಬೆಗಳನ್ನು ಕಾರ್ಖಾನೆಗೆ ಕೊಡುವುದಾದರೆ ತೀರ್ಮಾನ ಊರಿನದಾಗಿರಬೇಕು. ಅದಕ್ಕೆ ಫಿನ್ಲೆಂಡಿನ ಮಾದರಿ ಬೇಕಿಲ್ಲ. ಕುಮಟಾದ ಹಳಕಾರದಲ್ಲಿ ಬ್ರಿಟಿಷರ ಕಾಲದಲ್ಲೇ ಹುಟ್ಟಿದ ಗ್ರಾಮ ಅರಣ್ಯ ಪಂಚಾಯತ ತನ್ನ ಕಾಡನ್ನು ತಾನೇ ಕಾದು, ಸೊಪ್ಪು ಸೌದೆಯನ್ನು ಮನೆಗಳಿಗೆ ಹಂಚಿಕೊಂಡು ಬಂದಿದೆ. ಅಂಥ ಸಂಸ್ಥೆಯ ಸಹಿಯಿಲ್ಲದೆ ಒಂದು ಲಾರಿಯೂ ಹೊರಡಬಾರದು. ಒಪ್ಪಂದದ ಪತ್ರದಲ್ಲಿ ಬರೆದಿರಬೇಕು: ಎಲೆ ಮತ್ತು ಸಣ್ಣ ಕಡ್ಡಿ ನೆಲದಲ್ಲೇ ಉಳಿಯಬೇಕು, ಸೌದೆ ಮೊದಲು ಊರಿನವರಿಗೆ ಸಿಗಬೇಕು, ಮಿಕ್ಕದ್ದನ್ನು ಊರಿನವರ ಎದುರಿನಲ್ಲೇ ತೂಗಿ ಕೊಡಬೇಕು, ಮತ್ತು ಹಣ ನೇರವಾಗಿ ಊರಿನ ಸಮಿತಿಯ ಖಾತೆಗೆ ಸೇರಬೇಕು.