ಹಳೆಯ ಮಾರುತಿಗೆ ಯಾವ ಸ್ಪಾರ್ಕ್ ಪ್ಲಗ್?

ಮಡಿಕೇರಿಯಲ್ಲಿ ಹಳೆಯ ಪೆಟ್ರೋಲ್ ಗಾಡಿ ಇಟ್ಟುಕೊಂಡಿರುವ ಇಬ್ಬರು ಎದುರಾದರೆ ಮಾತು ಮಳೆಯನ್ನೂ ಕಾಫಿ ದರವನ್ನೂ ದಾಟಿ ಮೈಲೇಜಿಗೆ ಬರುವುದು ಖಂಡಿತ. ಅಲ್ಲಿಂದ ಮುಂದೆ ಒಬ್ಬರು ‘ಇರಿಡಿಯಂ ಪ್ಲಗ್ ಹಾಕಿಸಿ ನೋಡಿ’ ಎನ್ನುವುದೂ ಅಷ್ಟೇ ಖಂಡಿತ. ಪ್ಲಗ್ ಎಂದರೆ ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್; ಇರಿಡಿಯಂ ಅದರ ತುದಿಗೆ ಬಳಸುವ ದುಬಾರಿ ಲೋಹ. ನನ್ನದು 1996ರ ಮಾರುತಿ 800, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್ ಇರುವ ಹಳೆಯ ಮಾದರಿ. ಕಳೆದ ವರ್ಷ ಆ ಮಾತನ್ನು ನಂಬಿ ಅದರ ಮೂರು ಸಿಲಿಂಡರಿಗೂ ಇರಿಡಿಯಂ ಪ್ಲಗ್ ಹಾಕಿಸಿದೆ. ಬೆಳಗಿನ ಚಳಿಯಲ್ಲಿ ಎಂಜಿನ್ ಸ್ವಲ್ಪ ಬೇಗ ಎದ್ದಿತು ಎನ್ನುವುದು ನಿಜ. ಆದರೆ ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸುವವರೆಗಿನ ಲೆಕ್ಕ ಹಾಕಿದಾಗ, ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದದ್ದು 13ರಲ್ಲೇ ನಿಂತಿತ್ತು.

ಇದರಲ್ಲಿ ಪ್ಲಗ್ಗಿನ ತಪ್ಪೇನಿಲ್ಲ. ಇರಿಡಿಯಂ 2,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ಲೋಹವಾದ್ದರಿಂದ ಕಿಡಿ ಹೊರಡುವ ನಡುಕಡ್ಡಿಯನ್ನು ತೀರಾ ಸಪೂರವಾಗಿ ಮಾಡಬಹುದು. ಸಪೂರ ತುದಿಯಿಂದ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರುತ್ತದೆ, ಸವೆತವೂ ನಿಧಾನ. ಆದರೆ ಸಾಮಾನ್ಯ ನಿಕ್ಕಲ್ ಪ್ಲಗ್ಗೇ ತಪ್ಪದೆ ಹೊತ್ತಿಸುತ್ತಿದ್ದರೆ, ಅದೇ ಪೆಟ್ರೋಲನ್ನು ದುಬಾರಿ ಕಿಡಿಯಿಂದ ಹೊತ್ತಿಸಿದ ಮಾತ್ರಕ್ಕೆ ಅದರ ಶಕ್ತಿ ಹೆಚ್ಚುವುದಿಲ್ಲ. ಸವೆದು ಕಿಡಿ ತಪ್ಪುತ್ತಿದ್ದ ಪ್ಲಗ್ ಬದಲಿಸಿದಾಗ ಏರುವ ಮೈಲೇಜು ನಾವು ಕಳೆದುಕೊಂಡಿದ್ದದ್ದೇ. ಎರಡು ಮೂರು ಕಿವಿಗಳಿರುವ (ಕಿವಿ ಎಂದರೆ ನಡುಕಡ್ಡಿಯ ಎದುರಿಗೆ ಬಾಗಿರುವ, ಕಿಡಿ ಹೋಗಿ ತಲುಪುವ ಕಡ್ಡಿ) ಪ್ಲಗ್ಗುಗಳ ಬಗ್ಗೆಯೂ ಹೆಚ್ಚು ಹೇಳಬೇಕಿಲ್ಲ. ಒಂದು ಸಲಕ್ಕೆ ಕಿಡಿ ಹಾರುವುದು ಒಂದು ಕಿವಿಗೇ.

ನಾನು ಮೊದಲು ನೋಡಬೇಕಾಗಿದ್ದದ್ದು ಬಿಚ್ಚಿ ತೆಗೆದ ಹಳೆಯ ಪ್ಲಗ್ಗುಗಳನ್ನು. ವೈದ್ಯರು ನಾಲಗೆ ನೋಡುವಂತೆ ಎಂಜಿನ್ನಿಗೆ ಪ್ಲಗ್ಗಿನ ಮೂತಿ ನೋಡಬೇಕು. ಆರೋಗ್ಯವಾಗಿದ್ದರೆ ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿರುತ್ತದೆ. ಎಣ್ಣೆ ಜಿಡ್ಡಿದ್ದರೆ, ಎಂಜಿನ್ ಆಯಿಲ್ ಸಿಲಿಂಡರಿನೊಳಗೆ ಸೋರದಂತೆ ತಡೆಯುವ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಕಾವು ಮೀರಿದೆ. ನನ್ನ ಮೂರಕ್ಕೂ ಒಣ ಮಸಿ ಮೆತ್ತಿಕೊಂಡಿತ್ತು, ಎರಡನೆಯದಕ್ಕೆ ಇನ್ನಷ್ಟು. ಒಣ ಮಸಿ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿರುವುದರ ಗುರುತು. ಮಂಗಳೂರಿನಿಂದ ಕೊಂಡು ತಂದ ಈ ಗಾಡಿಯ ಕಾರ್ಬುರೇಟರನ್ನು ಘಟ್ಟ ಹತ್ತಿದ ಮೇಲೆ ಯಾರೂ ಮುಟ್ಟಿರಲಿಲ್ಲ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ಸುಮಾರು ಶೇ. 10ರಷ್ಟು ತೆಳು. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳು ಸೆನ್ಸರಿನಿಂದ ಅದನ್ನು ತಿಳಿದು ಸರಿಪಡಿಸಿಕೊಳ್ಳುತ್ತವೆ. ಪಾಪದ ಕಾರ್ಬುರೇಟರು ಕರಾವಳಿಯ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿರುತ್ತದೆ.

ಎರಡನೆಯ ಪ್ಲಗ್ಗಿನ ಹೆಚ್ಚುವರಿ ಮಸಿಗೆ ಕಾರಣ ಸಿಕ್ಕಿದ್ದು ಜುಲೈ ತಿಂಗಳ ಒಂದು ರಾತ್ರಿ. ಎಂದಿನಂತೆ ಕರೆಂಟು ಹೋಗಿತ್ತು, ಹೊರಗೆ ಜಡಿಮಳೆ. ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿದರೆ, ಎರಡನೆಯ ಸಿಲಿಂಡರಿನ ಪ್ಲಗ್ ವೈರಿನ ಬಿರುಕಿನಿಂದ ನೀಲಿ ಎಳೆಯೊಂದು ಟಿಕ್ ಟಿಕ್ ಎಂದು ಬ್ಲಾಕಿಗೆ ಹಾರುತ್ತಿತ್ತು. ಹಗಲಿನಲ್ಲಿ ಕಾಣದ ಈ ಸೋರಿಕೆ ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಜೋರು. ಪ್ಲಗ್ಗಿಗೆ ತಲುಪಬೇಕಾದ ಕಿಡಿ ದಾರಿಯಲ್ಲೇ ಪೋಲಾಗುತ್ತಿದ್ದರೆ ಪ್ಲಗ್ ಇರಿಡಿಯಮ್ಮಾದರೇನು, ಬಂಗಾರವಾದರೇನು!

ಮಸಿ ನೋಡಿದ ಒಬ್ಬ ಮೆಕ್ಯಾನಿಕ್ ‘ಒಂದು ನಂಬರ್ ಬಿಸಿ ಪ್ಲಗ್ ಹಾಕಿ’ ಎಂದಿದ್ದರು. ಬಿಸಿ ಪ್ಲಗ್ ಎಂದರೆ ತುದಿಯ ಕಾವನ್ನು ಬೇಗ ಬಿಟ್ಟುಕೊಡದ ಪ್ಲಗ್, ತಂಪಿನದು ಬೇಗ ಬಿಟ್ಟುಕೊಡುವಂಥದ್ದು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಮುಟ್ಟಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ತೋಟದಿಂದ ಪೇಟೆಗೆ ಎರಡು ಮೈಲಿ ಓಡುವ ಗಾಡಿಯಲ್ಲಿ ಆ ಕಾವು ಬರುವುದು ಕಷ್ಟ ಎಂಬ ಮಟ್ಟಿಗೆ ಅವರ ಮಾತು ಸರಿ. ಆದರೆ ಅದೇ ಗಾಡಿ ನಾಲ್ಕು ಜನರನ್ನು ಹೊತ್ತು ಸಂಪಾಜೆ ಘಾಟಿ ಏರುವಾಗ, ಬಿಸಿ ಪ್ಲಗ್ಗಿನ ತುದಿ 850 ಡಿಗ್ರಿ ದಾಟಿದರೆ ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಕುತ್ತು. ಇನ್ನೊಂದು ಗೊಂದಲವೂ ಇದೆ: ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ತಂಪು, ಬಾಷ್ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ಬಿಸಿ. ಗಾಡಿಯ ಪುಸ್ತಕದಲ್ಲಿರುವ ನಂಬರನ್ನೇ ಕೇಳಿ ಪಡೆಯುವುದು ಕ್ಷೇಮ. ನಡುಕಡ್ಡಿಗೂ ಕಿವಿಗೂ ನಡುವಿನ ಗ್ಯಾಪನ್ನೂ ಅದರಂತೆಯೇ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ನೋಡಿಸಿ. ಇಂಥ ಹಳೆಯ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್.

ಅಂದಹಾಗೆ, ಪಕ್ಕದ ತೋಟದವರು ತಮ್ಮ ಡೀಸೆಲ್ ಜೀಪಿಗೆ ಇರಿಡಿಯಂ ಆಗುತ್ತದೆಯೇ ಎಂದು ಕೇಳಿದ್ದರು. ಡೀಸೆಲ್ಲಿಗೆ ಕಿಡಿಯೇ ಬೇಡ, ಅಲ್ಲಿರುವುದು ಹೀಟರ್ ಪ್ಲಗ್ ಎಂದಾಗ ಅವರಿಗೆ ತುಸು ನಿರಾಸೆಯೇ ಆಯಿತು.

ಕೊನೆಗೆ ನಾನು ವೈರುಗಳನ್ನೂ ಏರ್ ಫಿಲ್ಟರನ್ನೂ ಬದಲಿಸಿ, ಕಾರ್ಬುರೇಟರ್ ತೊಳೆಸಿ ಇಲ್ಲಿಯ ಗಾಳಿಗೆ ಹೊಂದಿಸಿಕೊಂಡೆ. ಈಗ ಲೀಟರಿಗೆ 16 ಸಿಗುತ್ತಿದೆ. ದುಡ್ಡು ಕೊಟ್ಟಾಗಿದೆ ಎಂಬ ಕಾರಣಕ್ಕೆ ಇರಿಡಿಯಂ ಪ್ಲಗ್ಗುಗಳು ಅಲ್ಲೇ ಇವೆ. ಅವು ಸವೆದ ದಿನಕ್ಕೆಂದು ಪುಸ್ತಕದ ನಂಬರಿನ ಮೂರು ಸಾಮಾನ್ಯ ಪ್ಲಗ್ಗುಗಳನ್ನು ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ.