ಆ ಉಸಿರು ಅಲ್ಲೇ ಇರಲಿ

ಹೋದ ವಾರ ನನ್ನ ಹಾಡಿನ ಫೈನಲ್ ಮಿಕ್ಸ್ ವಾಟ್ಸಾಪಿನಲ್ಲಿ ಬಂತು. ಒಂದು ಭಾವಗೀತೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳಿದೆ. ಶ್ರುತಿ ಸರಿಯಾಗಿತ್ತು, ತಾಳ ಸರಿಯಾಗಿತ್ತು, ಸಾಹಿತ್ಯ ಸ್ಪಷ್ಟವಾಗಿತ್ತು. ಆದರೂ ಹಾಡುತ್ತಿರುವುದು ನಾನಲ್ಲ ಅನ್ನಿಸುತ್ತಿತ್ತು. ಮೂರನೇ ಸಲ ಕೇಳುವಾಗ ಕಾರಣ ಗೊತ್ತಾಯಿತು. ಎರಡನೇ ಚರಣದ ಮೊದಲ ಸಾಲು ಉದ್ದದ್ದು, ಎಲ್ಲೂ ನಿಲ್ಲಿಸದೆ ಹೋಗಬೇಕು. ಅದಕ್ಕೆ ಮುಂಚೆ ನಾನು ಎದೆ ತುಂಬ ಉಸಿರು ಎಳೆದುಕೊಂಡಿದ್ದೆ. ಆ ಉಸಿರು ಅಲ್ಲಿರಲಿಲ್ಲ. ಇಡೀ ಹಾಡಿನಲ್ಲಿ ಒಂದೇ ಒಂದು ಉಸಿರೂ ಇರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ. "ಬ್ರೆತ್ ಎಲ್ಲಾ ಕ್ಲೀನ್ ಮಾಡಿದೀನಿ ಮೇಡಂ, ಈಗ ಎಲ್ಲರೂ ಹಾಗೇ ಕೇಳ್ತಾರೆ" ಅಂದ ರೆಕಾರ್ಡಿಂಗ್ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ, ಕೆಲಸ ಬಲ್ಲವನು, ಶ್ರದ್ಧೆಯಿಂದ ಮಾಡಿದ್ದಾನೆ. ಕಂಪ್ಯೂಟರ್ ಪರದೆಯ ಮೇಲೆ ಎರಡು ಸಾಲುಗಳ ನಡುವೆ ಪುಟ್ಟ ಗುಡ್ಡೆಯ ಹಾಗೆ ಕಾಣುವುದೇ ಉಸಿರು. ಒಂದೊಂದನ್ನೇ ಹುಡುಕಿ ಅಳಿಸಿದ್ದಾನೆ. ರೆಕಾರ್ಡಿಂಗ್ ಆದದ್ದೂ ಬೇರೆ ಬೇರೆಯಾಗಿ: ತಬಲಾ ಒಂದು ದಿನ, ಕೊಳಲು ಇನ್ನೊಂದು ದಿನ, ನನ್ನದು ಮತ್ತೊಂದು ದಿನ. ಕೊಳಲು ನುಡಿಸಿದವರ ಮುಖವನ್ನೇ ನಾನು ಇವತ್ತಿನವರೆಗೂ ನೋಡಿಲ್ಲ.

ಇಪ್ಪತ್ತೈದು ವರ್ಷಗಳಿಂದ ಜಾಝ್ ಕೇಳುತ್ತಿದ್ದೇನೆ. ನನ್ನದು ಸುಗಮ ಸಂಗೀತ, ಕಲಿತದ್ದು ಕರ್ನಾಟಕ ಸಂಗೀತ, ಆದರೆ ಮನಸ್ಸು ಭಾರವಾದಾಗ ಕೈ ಹೋಗುವುದು ಆ ಹಳೆಯ ರೆಕಾರ್ಡುಗಳ ಕಡೆಗೆ. ಈ ಸಲವೂ ಹಾಗೇ ಆಯಿತು. ನನ್ನ ಹಾಡನ್ನು ಆಫ್ ಮಾಡಿ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಹಾಕಿದೆ.

ನ್ಯೂಯಾರ್ಕಿನ ಈಸ್ಟ್ 30ನೇ ಬೀದಿಯಲ್ಲಿ ಒಂದು ಹಳೆಯ ಚರ್ಚ್ ಇತ್ತು. ಕೊಲಂಬಿಯಾ ರೆಕಾರ್ಡ್ಸ್‌ನವರು ಅದನ್ನು ತೆಗೆದುಕೊಂಡು ಸ್ಟುಡಿಯೋ ಮಾಡಿಕೊಂಡಿದ್ದರು. ಮರದ ನೆಲ, ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಸೂರು. ಆ ಹಾಲ್‌ಗೆ ಅದರದೇ ನಾದವಿತ್ತು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ ಅಲ್ಲಿ ಕೂತು ಮೈಲ್ಸ್‌ನ ತಂಡ ಈ ಆಲ್ಬಂ ಮುಗಿಸಿತು. ಎಂಜಿನಿಯರ್ ಫ್ರೆಡ್ ಪ್ಲೌಟ್. ಟೇಪಿನಲ್ಲಿ ಧ್ವನಿ ಹಿಡಿಯಲು ಇದ್ದದ್ದು ಮೂರೇ ಟ್ರ್ಯಾಕ್. ಎಲ್ಲರೂ ಒಂದೇ ಹಾಲ್‌ನಲ್ಲಿ, ಒಂದೇ ಹೊತ್ತಿಗೆ ನುಡಿಸಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಸ್ಯಾಕ್ಸೋಫೋನ್ ಊದುವ ಇಬ್ಬರಲ್ಲಿ ಎಡಗಡೆ ಜಾನ್ ಕೋಲ್ಟ್ರೇನ್, ಬಲಗಡೆ ಕ್ಯಾನನ್‌ಬಾಲ್ ಆಡರ್ಲಿ, ನಟ್ಟನಡುವೆ ಮೈಲ್ಸ್‌ನ ಟ್ರಂಪೆಟ್.

ಆಲ್ಬಮ್ಮಿನ ಮೊದಲ ಕೃತಿ ‘ಸೋ ವಾಟ್’ ರೆಕಾರ್ಡ್ ಮಾಡುವಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅದು ಶುರುವಾಗುವುದು ಬಹಳ ಮೆಲ್ಲಗೆ, ಬಿಲ್ ಎವಾನ್ಸ್‌ನ ಪಿಯಾನೋ ಮತ್ತು ಪಾಲ್ ಚೇಂಬರ್ಸ್‌ನ ಬಾಸ್ ಪಿಸುಗುಟ್ಟಿದ ಹಾಗೆ. ಅಷ್ಟು ಮೆಲ್ಲಗಿದ್ದರೆ ಸಣ್ಣ ಸದ್ದೂ ಮೈಕಿಗೆ ಸಿಗುತ್ತದೆ. ಕಂಟ್ರೋಲ್ ರೂಮಿನಿಂದ ಪ್ರೊಡ್ಯೂಸರ್ ಅರ್ವಿಂಗ್ ಟೌನ್‌ಸೆಂಡ್, ಏನೇನೋ ಸದ್ದು ಬರುತ್ತಿದೆ, ಸ್ನೇರ್ ಡ್ರಮ್ಮಿನ ಕಂಪನವೂ ಕೇಳುತ್ತಿದೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಸ್ನೇರ್‌ನ ಅಡಿಯಲ್ಲಿ ತಂತಿಗಳಿರುತ್ತವೆ. ಸಿತಾರಿನ ತರಬ್ ತಂತಿಗಳನ್ನು ಯಾರೂ ಮೀಟದಿದ್ದರೂ ಅವು ಮಿಡಿಯುತ್ತವಲ್ಲ, ಹಾಗೆ ಇವೂ ಪಕ್ಕದ ವಾದ್ಯದ ನಾದಕ್ಕೆ ತಾವಾಗಿಯೇ ಝುಂ ಅನ್ನುತ್ತವೆ. ಅದಕ್ಕೆ ಮೈಲ್ಸ್‌ನ ಉತ್ತರ, ಅದೂ ಇದರ ಜೊತೆಗೇ ಬರುವಂಥದ್ದು ಅಂತ. ಟೌನ್‌ಸೆಂಡ್‌ಗೆ ಅರ್ಥವಾಗಲಿಲ್ಲ, ಏನು ಅಂತ ಕೇಳಿದ. ಮೈಲ್ಸ್ ಅದನ್ನೇ ಇನ್ನೊಮ್ಮೆ ಹೇಳಿದ: ಅದೆಲ್ಲಾ ಇದರ ಜೊತೆಗೇ.

ಈ ಮಾತುಕತೆ ಟೇಪಿನಲ್ಲಿ ಉಳಿದಿದೆ. 2008ರಲ್ಲಿ ಬಂದ ಆವೃತ್ತಿಯಲ್ಲಿ ನೀವೇ ಕೇಳಬಹುದು. ನಾನದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದೇ ಕೃತಿಯಲ್ಲಿ ಮೈಲ್ಸ್‌ನ ಸೋಲೋ ಶುರುವಾಗುವ ಕ್ಷಣಕ್ಕೆ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಹಾಕುತ್ತಾನೆ. ಸ್ವಲ್ಪ ಜೋರಾಯಿತೇನೋ ಅಂತ ಅವನಿಗೇ ಅನ್ನಿಸಿತ್ತಂತೆ. ಆದರೆ ಆ ಏಟು ಚರ್ಚಿನ ಸೂರಿಗೆ ಏರಿ, ಅಲ್ಲೇ ತೇಲಿ, ಟ್ರಂಪೆಟ್ ಎರಡು ಹೆಜ್ಜೆ ಇಡುವವರೆಗೂ ಇಳಿಯುವುದೇ ಇಲ್ಲ. ಇವತ್ತಾಗಿದ್ದರೆ ಅದನ್ನು ಒಂದು ಗುಂಡಿ ತಿರುಗಿಸಿ ತಗ್ಗಿಸಿಬಿಡುತ್ತಿದ್ದರು.

ನಮ್ಮ ಕಿವಿಗೆ ‘ಸೋ ವಾಟ್’ನ ಸ್ವರಗಳು ಹೊಸವಲ್ಲ. ಡಿ ಶ್ರುತಿಯಲ್ಲಿ ಖರಹರಪ್ರಿಯ ರಾಗದ ಸ್ವರಗಳು, ಗಮಕವಿಲ್ಲದೆ. 32 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಸಣ್ಣ ಅಳತೆ) ಆವರ್ತದಲ್ಲಿ 16 ಬಾರ್ ಅಲ್ಲೇ ಇದ್ದು, ಮುಂದಿನ ಎಂಟಕ್ಕೆ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಹೋಗಿ, ಮತ್ತೆ ಕೆಳಗಿಳಿಯುತ್ತದೆ. ಆಧಾರ ಷಡ್ಜ ಜಾಗ ಬಿಟ್ಟು ಕದಲುವುದು ನಮಗೆ ಊಹೆಗೂ ಮೀರಿದ ಮಾತು. ಮೊದಲ ಸಲ ಕೇಳಿದಾಗ ಕಾಲ ಕೆಳಗಿನ ನೆಲವೇ ಜರುಗಿದ ಹಾಗಾಗಿತ್ತು.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಗೆಳತಿಯೊಬ್ಬಳ ಮನೆಯಲ್ಲಿ ಇದೇ ಆಲ್ಬಮ್ಮಿನ ಹಳೆಯ ಎಲ್‌ಪಿ ಸಿಕ್ಕಿತು, ಅವಳ ಮಾವನ ಕಾಲದ್ದು. ನನ್ನ ಬ್ಯಾಗಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇತ್ತು. ಡಿಗೆ ಇಟ್ಟು ಜೊತೆಯಲ್ಲಿ ಗುನುಗೋಣ ಅಂತ ಕೂತರೆ ಕೂಡಲೇ ಇಲ್ಲ. ಎಲ್‌ಪಿ ಒಂದು ಕೂದಲೆಳೆ ಮೇಲಿತ್ತು. ಪ್ಲೇಯರ್ ಜೋರಾಗಿ ತಿರುಗುತ್ತಿರಬೇಕು ಅಂದಳು ಗೆಳತಿ. ತಟ್ಟೆ ತಿರುಗಿಸಿ ಎರಡನೇ ಬದಿ ಹಾಕಿದೆವು. ‘ಆಲ್ ಬ್ಲೂಸ್’ಗೆ ಶ್ರುತಿಪೆಟ್ಟಿಗೆಯನ್ನು ಜಿಗೆ ತಂದೆ. ಹಾಲಿಗೆ ಸಕ್ಕರೆ ಬೆರೆತ ಹಾಗೆ ಬೆರೆತುಹೋಯಿತು! ಪ್ಲೇಯರ್ ಸರಿಯಾಗೇ ಇತ್ತು.

ಕಾರಣ ಇದು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನ ಯಂತ್ರದಲ್ಲಿ ಹಿಡಿದದ್ದನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಅವತ್ತು ರೆಕಾರ್ಡ್ ಆದ ಮೂರು ಕೃತಿಗಳೇ ಮೊದಲ ಬದಿ. ಸುಮಾರು ಕಾಲು ಸ್ವರದಷ್ಟು ಏರಿದ ಶ್ರುತಿಯಲ್ಲೇ ಲೋಕವೆಲ್ಲ ಅದನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಕೇಳಿತು. ಅದೃಷ್ಟಕ್ಕೆ ಪಕ್ಕದಲ್ಲಿ ಇನ್ನೊಂದು ಯಂತ್ರವೂ ಓಡುತ್ತಿತ್ತು, ಆ ಟೇಪ್ ಸರಿಯಿತ್ತು. 1992ರ ಮರುಮುದ್ರಣದಲ್ಲಿ ಅದನ್ನು ಬಳಸಿ ಸರಿಪಡಿಸಿದರು. ಆ ತಿದ್ದುಪಡಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಅದು ಯಂತ್ರ ಮಾಡಿದ ತಪ್ಪು. ಸ್ನೇರ್‌ನ ಝುಂಕಾರ, ಸಿಂಬಲ್‌ನ ಏಟು ಅಲ್ಲಿದ್ದ ಮನುಷ್ಯರದ್ದು, ಆ ಕೋಣೆಯದ್ದು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ‘ಕ್ಲೀನ್’ ಮಾಡುವುದಕ್ಕೆ ನನ್ನ ತಕರಾರು.

ಗಾಯಕಿಯಾಗಿ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಅದೇ ಹಾಲ್‌ನಲ್ಲಿ, ಅದೇ ಫ್ರೆಡ್ ಪ್ಲೌಟ್ ಕೈಯಲ್ಲಿ, ಅದಕ್ಕೂ ಒಂದು ವರ್ಷ ಮುಂಚೆ ಆದ ರೆಕಾರ್ಡಿಂಗ್. 1958ರ ಫೆಬ್ರವರಿ, ಜಾಝ್ ಗಾಯಕಿ ಬಿಲ್ಲಿ ಹಾಲಿಡೇಯ ‘ಲೇಡಿ ಇನ್ ಸ್ಯಾಟಿನ್’. ಆಗ ಅವಳಿಗೆ 42 ವರ್ಷ. ಕುಡಿತ, ಹೆರಾಯಿನ್, ಜೈಲು, ಎಲ್ಲ ಸೇರಿ ಆ ದನಿಯನ್ನು ತಿಂದುಹಾಕಿದ್ದವು. ಸುತ್ತ ವಾದ್ಯ ಸಂಯೋಜಕ ರೇ ಎಲ್ಲಿಸ್‌ನ ರೇಷ್ಮೆಯಂಥ ವಯಲಿನ್‌ಗಳು, ನಡುವೆ ಅವಳ ಬಿರುಕುಬಿಟ್ಟ ಗಂಟಲು. ‘ಐ ಆಮ್ ಎ ಫೂಲ್ ಟು ವಾಂಟ್ ಯೂ’ ಕೇಳಿ. ಸಾಲಿನ ಕೊನೆಗೆ ದನಿ ನಿಲ್ಲುವುದಿಲ್ಲ, ತೊಗಟೆಯ ಹಾಗೆ ಉದುರುತ್ತದೆ. ಮುಂದಿನ ಸಾಲಿಗೆ ಅವಳು ಶಕ್ತಿ ಕೂಡಿಸಿಕೊಳ್ಳುವುದು ಕೇಳಿಸುತ್ತದೆ. ಎಲ್ಲಿಸ್‌ಗೂ ಮೊದಲು ಅವಳ ಹಾಡುಗಾರಿಕೆ ಸಮಾಧಾನ ತಂದಿರಲಿಲ್ಲ. ಕೆಲವು ವಾರಗಳಾದ ಮೇಲೆ ಮಿಕ್ಸ್ ಕೇಳಿದಾಗ, ತಾನು ಸಂಗೀತವನ್ನಷ್ಟೇ ಕೇಳುತ್ತಿದ್ದೆ, ಭಾವವನ್ನಲ್ಲ ಎಂದು ಅವನಿಗೆ ತಿಳಿಯಿತು. 1959ರ ಜುಲೈ 17ರಂದು ಅವಳು ಹೋದಳು. ಮುಂದಿನ ತಿಂಗಳು ‘ಕೈಂಡ್ ಆಫ್ ಬ್ಲೂ’ ಅಂಗಡಿಗೆ ಬಂತು.

‘ಲೇಡಿ ಇನ್ ಸ್ಯಾಟಿನ್’ ಆಲ್ಬಮ್ಮಿನಿಂದ ಉಸಿರನ್ನೆಲ್ಲ ಅಳಿಸಿದರೆ ಏನುಳಿಯುತ್ತದೆ ಹೇಳಿ?

ಉಸಿರು ಕೇಳಿಸಲೇಬೇಕು ಎಂದು ನಾನು ಹಟ ಹಿಡಿದಿಲ್ಲ. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರ ಅದನ್ನು ಅಡಗಿಸುವುದನ್ನೇ ವಿದ್ಯೆ ಮಾಡಿಕೊಂಡಿದ್ದ. ಟಾಮಿ ಡಾರ್ಸಿಯ ತಂಡದಲ್ಲಿ ಹಾಡುವಾಗ, ಟ್ರಾಂಬೋನ್ ಎಂಬ ಊದುವಾದ್ಯ ನುಡಿಸುವ ಡಾರ್ಸಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅಂತ ಹಿಂದೆ ಕೂತು ನೋಡಿ ನೋಡಿ ಕಲಿತ. ಉಸಿರಿಗಾಗಿ ಈಜಿದ. ಎರಡು ಸಾಲುಗಳನ್ನು ಒಂದೇ ಎಳೆಯಲ್ಲಿ ಹೆಣೆಯುವ ಆ ಶಕ್ತಿ ಅವನು ದುಡಿದು ಸಂಪಾದಿಸಿದ್ದು. ಉಸಿರು ಕೇಳದಿರುವುದು ಅಲ್ಲಿ ಸಾಧನೆ. ಕತ್ತರಿ ಹಾಕಿ ಅದನ್ನು ಎಲ್ಲರಿಗೂ ಪುಕ್ಕಟೆ ಹಂಚಿದರೆ ಆ ಸಾಧನೆಗೂ ಬೆಲೆ ಉಳಿಯುವುದಿಲ್ಲ.

ಅದೇ ಸಿನಾತ್ರ 1956ರ ಜನವರಿಯಲ್ಲಿ ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡಿದಾಗ ವಾದ್ಯ ಸಂಯೋಜಕ ನೆಲ್ಸನ್ ರಿಡ್ಲ್‌ನ ಇಡೀ ಆರ್ಕೆಸ್ಟ್ರಾ ಎದುರಿಗಿತ್ತು. ನಡುವೆ ಬರುವ ಟ್ರಾಂಬೋನ್ ಸೋಲೋ ಮಿಲ್ಟ್ ಬರ್ನ್‌ಹಾರ್ಟ್‌ನದು. ಟೇಕ್ ಮೇಲೆ ಟೇಕ್ ಆಯಿತು. ಇನ್ನೊಂದು ಮೈಕ್ ಹತ್ತಿರ ಬಾ ಅಂದರು, ಆ ಮೈಕ್ ಎತ್ತರದಲ್ಲಿತ್ತು. ಸಿನಾತ್ರ ತಾನೇ ಹೋಗಿ ಒಂದು ಪೆಟ್ಟಿಗೆ ಹುಡುಕಿ ತಂದಿಟ್ಟ, ಅದರ ಮೇಲೆ ನಿಂತು ನುಡಿಸಿದೆ ಎಂದು ಬರ್ನ್‌ಹಾರ್ಟ್ ನೆನೆದಿದ್ದಾನೆ. ಒಬ್ಬನ ಸೋಲೋಗಾಗಿ ಎಲ್ಲರೂ ಮತ್ತೆ ಮೊದಲಿಂದ. ಹಾಡುವವನಿಗೂ ಸುಸ್ತು, ಊದುವವನಿಗೂ ಸುಸ್ತು, ಆದರೂ ಕೊನೆಗೆ ಉಳಿದ ಟೇಕಿನಲ್ಲಿ ಆ ಟ್ರಾಂಬೋನ್ ಬೆಂಕಿಯ ಹಾಗೆ ಎದ್ದು ಬರುತ್ತದೆ. ಸಿನಾತ್ರನ ಮುಂದಿನ ಸಾಲಿಗೆ ಆ ಬಿಸಿ ತಗುಲಿರುವುದು ನನಗೆ ಸ್ಪಷ್ಟವಾಗಿ ಕೇಳುತ್ತದೆ. ಬೇರೆ ದಿನ ಬಂದು ನುಡಿಸಿಹೋದವನಿಂದ ಯಾರಿಗೂ ಬಿಸಿ ತಗುಲುವುದಿಲ್ಲ.

ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ 1960ರ ಫೆಬ್ರವರಿ 13ರಂದು ಬರ್ಲಿನ್ನಿನಲ್ಲಿ ‘ಮ್ಯಾಕ್ ದ ನೈಫ್’ ಹಾಡುತ್ತ ಸಾಹಿತ್ಯ ಮರೆತಳು. ನಿಲ್ಲಿಸಲಿಲ್ಲ. ಮರೆತುಹೋಯಿತು ಅನ್ನುವುದನ್ನೇ ತಾಳಕ್ಕೆ ಕೂರಿಸಿ ಹಾಡಿದಳು, ನಡುವೆ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ದನಿಯನ್ನೂ ತಂದಳು. ಅದು ಹಾಗೆಯೇ ರೆಕಾರ್ಡಾಗಿ ಹೊರಬಂತು, ಗ್ರ್ಯಾಮಿಯೂ ಬಂತು.

ಟೇಪ್ ಕತ್ತರಿಸುವುದೇ ತಪ್ಪು ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. 1969ರ ‘ಇನ್ ಎ ಸೈಲೆಂಟ್ ವೇ’ ಆಲ್ಬಮ್ಮಿನಲ್ಲಿ ಪ್ರೊಡ್ಯೂಸರ್ ಟಿಯೋ ಮಸೇರೋ ಮೈಲ್ಸ್‌ನ ಟೇಪನ್ನು ಕತ್ತರಿಸಿ, ಶುರುವಿನ ಭಾಗವನ್ನೇ ಕೊನೆಗೂ ಅಂಟಿಸಿದ. ಪಲ್ಲವಿಗೆ ಮರಳಿದ ಹಾಗೆ ಅದು ಚೆನ್ನಾಗಿಯೇ ಇದೆ. ಕಿವಿಯಿಂದ ಕೇಳಿ ಕತ್ತರಿಸಿದ್ದು ಅದು. ನನ್ನ ಹಾಡಿನಲ್ಲಿ ಆದದ್ದು ಪರದೆಯನ್ನು ನೋಡಿ ಕತ್ತರಿಸಿದ್ದು.

ಮದ್ರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಹಳೆಯ ಕನ್ನಡ ಸಿನಿಮಾ ಹಾಡುಗಳು ಹುಟ್ಟಿದ್ದೂ ಆರ್ಕೆಸ್ಟ್ರಾ ಮತ್ತು ಗಾಯಕರು ಒಟ್ಟಿಗೆ ಕೂತಾಗಲೇ. ಜಾಝ್ ನಮಗೆ ಅಷ್ಟೊಂದು ಹೊರಗಿನದೂ ಅಲ್ಲ. ಚಾರ್ಲಿ ಮರಿಯಾನೊ ಅಂತ ಒಬ್ಬ ಸ್ಯಾಕ್ಸೋಫೋನ್ ವಾದಕ ಇದ್ದ, ಬಾಸ್ಟನ್ನಿನವನು, ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ ಜೊತೆ ನುಡಿಸಿದವನು. ನಾಗಸ್ವರಕ್ಕೆ ಮನಸೋತು ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತ. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವನು ಮಾಡಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಜರ್ಮನಿಯ ಇಸಿಎಂ ರೆಕಾರ್ಡ್ ಕಂಪನಿಯಿಂದ ಬಂತು. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ. ಅದರಲ್ಲಿ ರಮಾಮಣಿಯವರ ದನಿಯೂ ಮರಿಯಾನೊನ ಕೊಳಲೂ ಸ್ಯಾಕ್ಸೋಫೋನೂ ಒಂದರ ಪಕ್ಕ ಒಂದು ಬಂದು ನಿಲ್ಲುವಾಗ ಗಮನಿಸಿ. ಗಂಟಲು, ಕೊಳಲು, ಹಿತ್ತಾಳೆ, ಮೂರಕ್ಕೂ ಬಂಡವಾಳ ಉಸಿರೊಂದೇ. ಈ ಆಲ್ಬಂ ನಮ್ಮೂರಲ್ಲೇ ಎಷ್ಟೋ ಸಂಗೀತಗಾರರಿಗೆ ಗೊತ್ತಿಲ್ಲ, ದಯವಿಟ್ಟು ಹುಡುಕಿ ಕೇಳಿ.

ನನ್ನ ಹಾಡಿನ ವಿಷಯಕ್ಕೆ ಬರುತ್ತೇನೆ. ಆ ಮಿಕ್ಸ್ ಬಿಡುಗಡೆ ಮಾಡಬೇಡಿ ಅಂದಿದ್ದೇನೆ, ಇನ್ನೊಂದು ಸಲದ ಖರ್ಚು ನಾನೇ ಹಾಕುತ್ತೇನೆ. ಕೊಳಲಿನವರ ನಂಬರ್ ಇಸಕೊಂಡು ಮಾತಾಡಿದೆ, ಬಹಳ ಖುಷಿಪಟ್ಟರು. ಭಾನುವಾರ ಬೆಳಿಗ್ಗೆ ಏಳಕ್ಕೆ, ರಸ್ತೆಯಲ್ಲಿ ಗಾಡಿ ಓಡಾಟ ಶುರುವಾಗುವ ಮುಂಚೆ, ಮೂವರೂ ಒಂದೇ ರೂಮಿನಲ್ಲಿ ಕೂರುತ್ತೇವೆ. ತಬಲಾದವರಿಗೆ ಮಾತ್ರ ಇನ್ನೂ ಅನುಮಾನ. "ಅಕ್ಕಾ, ನನ್ನ ಎಡಗೈ ತಬಲಾದ ಸದ್ದು ನಿಮ್ಮ ಮೈಕಿಗೆ ಬಂದುಬಿಡುತ್ತಲ್ಲ?" ಅಂದರು.

ಬರಲಿ ಅಂದೆ.